ಬಟ್ಟೆ ಒಗೆಯುವ ಕಲ್ಲಿನ ಅಡಿಯ ವೀರ

ಚಿಕ್ಕಲಸಂದ್ರದ ನಮ್ಮ ಓನರ್ ಆಂಟಿ ಪೈಪ್ ಹಾಕಿಸಲು ಬಟ್ಟೆ ಒಗೆಯುವ ಕಲ್ಲನ್ನು ಎತ್ತಿಸಿದರೆ, ಅದರ ಅಡಿಭಾಗದಲ್ಲಿ ಕತ್ತಿ ಹಿಡಿದ ಮೀಸೆಯ ಯೋಧ! ಯಾವುದೋ ಕಾಳಗದಲ್ಲಿ ಮಡಿದವನ ವೀರಗಲ್ಲು. ಮೂರು ವರ್ಷದಿಂದ ಅದರ ಬೆನ್ನ ಮೇಲೆ ನಾನು ಬನಿಯನ್ ಕುಕ್ಕುತ್ತಿದ್ದೆ.

"ಏನಾಂಟಿ, ಇತಿಹಾಸಾನ ಹೀಗಾ ಇಟ್ಕೊಳ್ಳೋದು?" ಎಂದು ರೇಗಿದೆ. ಬಡಾವಣೆ ಸಂಘದ ಇತಿಹಾಸಪ್ರೇಮಿ ನಾನಲ್ಲವೇ!

"ವೀರನ ಎದೆ ಮೇಲೆ ಬಟ್ಟೆ ಒಗೀಬಾರ್ದು ಅಂತ ನಮ್ಮತ್ತೇನೇ ಮಗುಚಿ ಹಾಕ್ಸಿದ್ರು ಕಣಪ್ಪ," ಎಂದರು ಆಂಟಿ.

ಮೀಸೆಯ ಒಂದು ಗೆರೆಯೂ ಮುಕ್ಕಾಗಿರಲಿಲ್ಲ. ನಮ್ಮ ಸಂಘ ಪಾರ್ಕಿನಲ್ಲಿ ಬೇಲಿ ಹಾಕಿ ಸಂರಕ್ಷಿಸಿದ ಇನ್ನೊಂದು ವೀರಗಲ್ಲಿದೆ. ಪ್ರತಿ ರಾಜ್ಯೋತ್ಸವಕ್ಕೂ ನಾನೇ ಮುಂದೆ ನಿಂತು ಹೊಡೆಸಿದ ಗೋಲ್ಡ್ ಪೇಂಟಿನಲ್ಲಿ ಅದರಲ್ಲಿರುವ ವೀರನ ಮೂಗು ಯಾವುದು, ಕತ್ತಿ ಯಾವುದು ತಿಳಿಯುವುದಿಲ್ಲ. ಪಾಪ, ಅವನನ್ನೂ ಯಾರಾದರೂ ಮಗುಚಿ ಹಾಕಿದ್ದರೆ ನನ್ನ ಕೈಯಿಂದ ಉಳಿಯುತ್ತಿದ್ದ.