ಲುಡ್ಮಿಲಾ ಇಡದ ಎರಡನೇ ಆಣೆ

"ಲುಡ್ಮಿಲಾಳನ್ನ ಬಗ್ಗಿಸೋದೂ ಒಂದೇ, ಕಬ್ಬಿಣದ ಬಾಣಲೆ ಮಡಚೋದೂ ಒಂದೇ" ಎಂದು ಬೀದಿಯವರು ಆಡಿಕೊಂಡು ನಗುತ್ತಿದ್ದರು. ನಕ್ಕವರ ಮಕ್ಕಳೆಲ್ಲ ಅವಳ ಕೈಯಡುಗೆ ಉಂಡು ಬೆಳೆದವರೇ. ನೆಬ್ರಾಸ್ಕಾದ ವೆಲ್ಟನ್ ಕ್ರೀಕ್ ಊರಿನ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಮಧ್ಯಾಹ್ನದ ಊಟ ಬೇಯಿಸುತ್ತಿದ್ದ ವಿಧವೆ ಆಕೆ. ಶಾಲೆಯ ಹಿಂದಿನ ಎರಡು ಕೋಣೆಯ ಮನೆ ಕೆಲಸದ ಜೊತೆಗೆ ಬಂದದ್ದು. ಕೆಲಸ ಹೋದರೆ ಮನೆಯೂ ಹೋಯಿತು.

ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷವಾಗಿತ್ತು, ಊರಿಗೆ ಸುಗ್ಗಿಯೋ ಸುಗ್ಗಿ. ಅಂಗಳದಲ್ಲಿ ಹೊಸ ಕಾರು, ಅಡುಗೆಮನೆಯಲ್ಲಿ ಫ್ರಿಜ್ಜು, ನಡುಮನೆಯಲ್ಲಿ ಟೆಲಿವಿಷನ್ನು. ಹೊಟ್ಟೆ ತುಂಬಿದಂತೆಲ್ಲ ಹೆದರಿಕೆಯೂ ತುಂಬಿತು. ಬರಗಾಲದಲ್ಲಿ ಸರ್ಕಾರವನ್ನು ಬಾಯಿತುಂಬ ಬೈದವರೇ ಈಗ 'ಕಮ್ಯುನಿಸ್ಟ್' ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಕಿಟಕಿ ಹಾಕುತ್ತಿದ್ದರು.

ಐವತ್ತಮೂರರ ಸೆಪ್ಟೆಂಬರಿನಲ್ಲಿ ಶಾಲಾ ಮಂಡಳಿ ಒಂದು ಕಾಗದ ಹೊರಡಿಸಿತು. ಮೇಷ್ಟರಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರೂ ತಾವು ಕಮ್ಯುನಿಸ್ಟರಲ್ಲ, ದೇಶಕ್ಕೆ ನಿಷ್ಠರು ಎಂದು ಆಣೆಯಿಟ್ಟು ಸಹಿ ಹಾಕಬೇಕು. ಎಲ್ಲರೂ ಹಾಕಿದರು. ಲುಡ್ಮಿಲಾಳ ಕಾಗದ ಮಾತ್ರ ಖಾಲಿ ಹಿಂದಿರುಗಿತು.

ಮಂಡಳಿಯ ಅಧಿಕಾರಿ ಹಾಲ್ವರ್ಸನ್ ಮೆತ್ತಗಿನ ಮನುಷ್ಯ. ನಾಲ್ಕು ಜನರೆದುರು ಅವಳ ಮಾನ ಹೋಗದಿರಲೆಂದು ಸಂಜೆ ಮನೆಗೇ ಫೋನ್ ಮಾಡಿದ. ಪಟ್ಟಣದಿಂದ ಬಂದವನು ಪಾಪ, ಈ ಬೀದಿಯ ಎಂಟು ಮನೆಗೂ ಒಂದೇ ತಂತಿ, ಒಬ್ಬರ ಫೋನ್ ಗಣಗುಟ್ಟಿದರೆ ಉಳಿದ ಏಳು ಮನೆಯವರೂ ಮೆಲ್ಲಗೆ ಎತ್ತಿ ಕಿವಿಗಿಟ್ಟುಕೊಳ್ಳುತ್ತಾರೆ ಎಂಬುದನ್ನು ಮರೆತಿದ್ದ.

"ಅಮ್ಮಾ, ಇದು ನಮ್ಮಿಬ್ಬರಲ್ಲೇ ಇರಲಿ," ಎಂದ.

ತಂತಿಯೊಳಗೆ ಯಾರದೋ ಗೋಡೆ ಗಡಿಯಾರ ಢಣ್ ಢಣ್ ಎಂದು ಆರು ಹೊಡೆಯಿತು.

"ಇರ್ಲಿ, ಅದಕ್ಕೇನಂತೆ. ಓಪಲ್, ನಿನ್ನ ಗಡಿಯಾರ ಐದು ನಿಮಿಷ ಮುಂದಿದೆ ಕಣೇ," ಎಂದಳು ಲುಡ್ಮಿಲಾ.

ಏಳು ಮನೆಗಳಲ್ಲಿ ಉಸಿರು ಕಟ್ಟಿತು. ಆದರೆ ಯಾರೂ ಫೋನ್ ಇಡಲಿಲ್ಲ.

"ಬರೀ ಒಂದು ಸಹಿ. ನೀವು ಅಂಥವರಲ್ಲ ಅಂತ ನನಗೆ ಗೊತ್ತು."

"ನಿಮಗೇ ಗೊತ್ತಿದ್ಮೇಲೆ ಕಾಗದಕ್ಕೆ ಬೇರೆ ಯಾಕೆ ಹೇಳ್ಬೇಕು? ಕೇಳಿ ಸಾಹೇಬ್ರೇ, ಇಪ್ಪತ್ತಾರನೇ ಇಸವೀಲಿ ಇಲ್ಲಿನ ಪ್ರಜೆ ಆಗೋವಾಗ ಕೋರ್ಟಲ್ಲಿ ಬಲಗೈ ಎತ್ತಿ ಈ ದೇಶಕ್ಕೆ ಆಣೆ ಇಟ್ಟೋಳು ನಾನು. ಹುಟ್ಟಿದ ನೆಲಾನ ಬಿಟ್ಟುಕೊಟ್ಟು ಇಟ್ಟಿದ್ದು. ಈಗ ಇನ್ನೊಂದು ಇಡು ಅಂದ್ರೆ ಮೊದಲ್ನೇದು ಸುಳ್ಳು ಅಂತ ತಾನೇ? ನಮ್ಮ ಎಮಿಲ್ ಇಪ್ಪತ್ತು ವರ್ಷ ಸಂಸಾರ ಮಾಡ್ದ. ಒಂದಿನಾನೂ 'ನೀನು ನನ್ನ ಹೆಂಡ್ತಿ ಹೌದೋ ಅಲ್ವೋ, ಬರ್ಕೊಡು' ಅನ್ಲಿಲ್ಲ. ಅಂದಿದ್ರೆ ಲಟ್ಟಣಿಗೇಲಿ ಬಾರಿಸ್ತಿದ್ದೆ."

ಎಲ್ಲೋ ಒಂದು ಮನೆಯಲ್ಲಿ ಕಿಸಕ್ಕೆಂದ ಸದ್ದು.

"ಎಲ್ಲರೂ ಹಾಕಿದಾರೆ ಅಮ್ಮಾ."

"ಹಾಗಾದ್ರೆ ದೇಶ ಉಳೀತಲ್ಲ. ನಂದೊಂದು ಯಾಕೆ?"

"ಶನಿವಾರ ಗಡುವು." ಅವನ ದನಿ ಇಳಿಯಿತು. "ಮನೇನೂ ಬಿಡಬೇಕಾಗುತ್ತೆ."

ಲುಡ್ಮಿಲಾ ಸುತ್ತ ನೋಡಿದಳು. ಎಮಿಲ್ ಕಣ್ಣು ಮುಚ್ಚಿದ್ದು ಇದೇ ಕೋಣೆಯಲ್ಲಿ. ಆಮೇಲೆ ದನಿ ಏರಿಸಿದಳು: "ಬೀದಿಯವರೆಲ್ಲ ಕೇಳಿಸ್ಕೊಳ್ಳಿ. ನಾಳೆ ಯಾರೂ 'ನಮಗೆ ಗೊತ್ತೇ ಇರ್ಲಿಲ್ಲ' ಅನ್ನಂಗಿಲ್ಲ. ನಾನು ಸಹಿ ಹಾಕಲ್ಲ!"

ಒಬ್ಬರಾದರೂ ಬಾಯಿಬಿಟ್ಟಾರೆಂದು ಕಾದಳು. ಟಕ್, ಟಕ್ ಎಂದು ಒಂದೊಂದೇ ಮನೆ ಫೋನ್ ಇಟ್ಟಿತು.

ಶುಕ್ರವಾರ ಗಡಿಯಾರದ ಮನೆಯ ಓಪಲ್ ಹಿತ್ತಲ ಬಾಗಿಲಿಂದ ಬಂದಳು. ಅವಳ ಗಂಡ ಶಾಲೆಯ ಬಸ್ಸು ಓಡಿಸುವವನು.

"ಹಾಕ್ಬಿಡೇ ಮಾರಾಯ್ತಿ. ನಮ್ಮನೆಯವ್ರೇನು ಅದನ್ನ ಓದಿ ಹಾಕಿದ್ರಾ?"

"ಚೆನ್ನಾಯ್ತು ಬಿಡು. ಓದದೆ ಆಣೆ ಇಟ್ಟೋರು ನಿಷ್ಠಾವಂತರು, ಇಟ್ಟ ಆಣೆ ಕಾಯೋಳು ದ್ರೋಹಿ."

ಓಪಲ್ ಸೆರಗಿಲ್ಲದ ಕೊರತೆಗೆ ತೋಳಲ್ಲೇ ಕಣ್ಣೊರೆಸಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಹಾಲ್ವರ್ಸನ್ ಬೀಗದ ಕೈಗೆಂದು ಬಂದ. ಜೇಬಿನಿಂದ ಅದೇ ಕಾಗದ, ಪೆನ್ನು ತೆಗೆದ. "ಇನ್ನೂ ಹೊತ್ತಿದೆ ಅಮ್ಮಾ."

ಲುಡ್ಮಿಲಾ ಕೋಟಿನ ಗುಂಡಿ ಹಾಕುತ್ತ ಕೇಳಿದಳು: "ಸೋಮವಾರ ಮಕ್ಕಳಿಗೆ ಊಟಕ್ಕೇನು?"

"ಸದ್ಯಕ್ಕೆ... ಡಬ್ಬಿ ಸೂಪು."

"ಆ ಡಬ್ಬಿ ಸಹಿ ಹಾಕಿತಾ?"

ಅವನು ಕಾಗದ, ಪೆನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಮಾಹಾ ಪಟ್ಟಣದ ಬಸ್ಸಿಗೆ ಅರ್ಧ ಗಂಟೆಯಿತ್ತು. ಹಿಂದಿನ ಓಣಿಯಿಂದ ಹೋದರೆ ನಿಲ್ದಾಣ ಹತ್ತಿರ, ಯಾರ ಕಣ್ಣಿಗೂ ಬೀಳಬೇಕಿಲ್ಲ. ಲುಡ್ಮಿಲಾ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ಪೆಟ್ಟಿಗೆ ಎತ್ತಿಕೊಂಡು, ಮುಂಬಾಗಿಲಿಂದಲೇ ಇಳಿದು ಬೀದಿಯ ನಟ್ಟನಡುವೆ ಹೊರಟಳು.