ಕ್ಯಾಸೆಟ್ ಮೇಲಿನ ನೀಲಿ ಸೀರೆ

ಆ ಸಿನಿಮಾದ ಹಾಡುಗಳನ್ನು ಈಗಲೂ ಎಲ್ಲಾದರೂ ಹಾಕಿದರೆ ನಾನು ಎದ್ದು ಹೋಗುತ್ತೇನೆ. ಹಾಡಿನ ತಪ್ಪೇನಿಲ್ಲ. ತಪ್ಪು ನನ್ನದು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಇಳಕಲ್ಲಿನ ಬಸ್ ನಿಲ್ದಾಣದಲ್ಲಿ, ಚಹಾದಂಗಡಿಯಲ್ಲಿ, ಹುನಗುಂದದ ಟೆಂಪೋದಲ್ಲಿ ಅದೇ ಕ್ಯಾಸೆಟ್ಟು. ಸಿನಿಮಾ ನೋಡದವರಿಗೂ ಹಾಡು ಬಾಯಿಪಾಠ. ಕ್ಯಾಸೆಟ್ ಅಂಗಡಿಯವನು "ಮುಗದಾವ್ರಿ, ನಾಳೆ ಬರ್ರಿ" ಎಂದು ಹೇಳಿ ಹೇಳಿ ಬೇಸತ್ತಿದ್ದ. ಕ್ಯಾಸೆಟ್ಟಿನ ಮೇಲೆ ನಾಯಕಿಯ ಚಿತ್ರವಿತ್ತು. ಸೆರಗೂ ಸೇರಿ ಇಡೀ ಸೀರೆ ಒಂದೇ ತಿಳಿನೀಲಿ. ನಮ್ಮ ಸೀರೆ ಕೊಳ್ಳುವ ಬಾಗಲಕೋಟೆಯ ವ್ಯಾಪಾರಿ ಅದನ್ನೇ ತಂದು ನನ್ನ ಮುಂದಿಟ್ಟ.

"ಹಿಂಗ ನೇಯ್ರಿ. ಹಾಡಿನ ಹೆಸರ ಹೇಳಿದ್ರ ಸಾಕು, ಸೀರಿ ಹೋಗ್ತಾವ."

ನಮ್ಮದು ನಾಲ್ಕು ಮಗ್ಗದ ಮನೆ. ಇಳಕಲ್ ಸೀರೆಯ ಕೆಂಪು ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಒಡಲಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸ ಪಕ್ಕದ ಮನೆಯಲ್ಲಿದ್ದ ನನ್ನ ವೈನಿಯದು, ಅಂದರೆ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಅವರ ಬದುಕು ನಿಂತಿದ್ದೇ ಆ ಕೊಂಡಿಯ ಮೇಲೆ. ನಾಲ್ಕೂ ಮಗ್ಗಕ್ಕೆ ನೀಲಿಯನ್ನೇ ಹೂಡಲು ಹೊರಟೆ. ಒಂದೇ ಬಣ್ಣದ ಸೀರೆಗೆ ಕೊಂಡಿ ಬೇಕಿರಲಿಲ್ಲ.

"ಒಂದ ಮಗ್ಗರ ಹಳೇ ನಮೂನಿಗೆ ಇರ್ಲಿ, ತಮ್ಮಾ," ಎಂದರು. "ಹಾಡು ಎಷ್ಟ ದಿನ ನಡೀತೈತಿ?"

"ನಿಮ್ಮ ಸೆರಗು ಈಗ ಮುದುಕ್ಯಾರಿಗಷ್ಟ ಬೇಕು, ವೈನಿ. ಯಾರೂ ಕೇಳೂದಿಲ್ಲ."

ಅದು ಸುಳ್ಳು. ಆ ವಾರವೇ ಕೆಂಪು ಸೆರಗು ಕೇಳಿ ಬಂದವರನ್ನು, ನೀಲಿ ಸೀರೆಗೆ ತಡವಾಗುತ್ತದೆಂದು ನಾನೇ ವಾಪಸ್ ಕಳಿಸಿದ್ದೆ.

ವೈನಿ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕಲ್ಲು ತೊಳೆಯುವ ಕೆಲಸಕ್ಕೆ ಸೇರಿದರು.

ಒಂದು ವರ್ಷವೂ ಆಗಲಿಲ್ಲ. ಬೇರೆ ಸಿನಿಮಾ, ಬೇರೆ ಹಾಡು ಬಂತು. ನೀಲಿ ಸೀರೆಗಳು ಮನೆಯಲ್ಲೇ ಉಳಿದವು.

"ಇವನ್ಯಾರು ಒಯ್ತಾರ್ರಿ ಈಗ?" ಎಂದ ಅದೇ ವ್ಯಾಪಾರಿ. "ಮದವಿ ದಿನಾ. ಕೆಂಪು ಸೆರಗಿನವು ಕೊಡ್ರಿ."

ಹುಟ್ಟಿದಾಗಿನಿಂದ ನೋಡಿದ ಕೆಲಸ, ಅದರಲ್ಲೇನಿದೆ ಎಂದು ನಾನೇ ಕೊಂಡಿ ಹಾಕಲು ಕೂತೆ. ಹತ್ತು ಎಳೆ ಕೂಡಿಸುವಷ್ಟರಲ್ಲಿ ಆರು ಹರಿದವು. ಮೂರನೆಯ ದಿನ ಸಿಟ್ಟಿಗೆ ಇಡೀ ಹಾಸನ್ನೇ ಕಿತ್ತೆಸೆದೆ. ಆಮೇಲೆ ನಾಚಿಕೆ ಬಿಟ್ಟು ವೈನಿಯ ಬಾಗಿಲಿಗೆ ಹೋದೆ.

ಬಂದರು. ಎರಡು ಸಲ ಕೈ ತೊಳೆದು ಕೂತರು. ಮೊದಲ ಎಳೆ ಅವರ ಬೆರಳಿನ ಬಿರುಕಿಗೆ ಸಿಕ್ಕಿ ಹರಿಯಿತು. ಎರಡನೆಯದೂ ಹರಿಯಿತು.

"ಕೊಬ್ರಿ ಎಣ್ಣಿ ಹಚ್ಚಿ ನೋಡ್ರಿ," ಎಂದೆ.

"ರೇಷ್ಮಿಗೆ ಕಲಿ ಬೀಳ್ತೈತಿ. ಇಷ್ಟೂ ತಿಳೀಲಾರ್ದ ಮಗ್ಗದಾಗ ಹೆಂಗ ಬೆಳದೀಯೋ!" ಎಂದು ನಕ್ಕರು. ಆಮೇಲೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಾಯಲ್ಲೇ ಹೇಳಿಕೊಡತೊಡಗಿದರು. "ಹಂಗ ಜಗ್ಗಬ್ಯಾಡ. ಅದೇನ್ ಎತ್ತೇನ?"

ಕೆಂಪು ಸೆರಗು ಕೇಳಿ ಬಂದವರನ್ನು ನಾನೇ ವಾಪಸ್ ಕಳಿಸಿದ ಸಂಗತಿಯನ್ನು ಆಗಲಾದರೂ ಹೇಳಬೇಕೆಂದು ತಲೆ ಎತ್ತಿದೆ.

"ಈ ಕಡೆ ಏನ್ ನೋಡ್ತಿ? ಮುಂದಿನ ಎಳಿ ಹಿಡಿ," ಎಂದರು.

ಮತ್ತೆ ತಲೆ ತಗ್ಗಿಸಿ ಮುಂದಿನ ಎಳೆ ಹಿಡಿದೆ. ಅದೂ ಹರಿಯಿತು.