ಹಿಂದಿನ ಕೋಲು

ಔರಾದಿನಿಂದ ಬೀದರಿಗೆ ಒಬ್ಬಳೇ ನಡೆದುಹೋಗಿದ್ದೆ ಎಂದರೆ ಮೊಮ್ಮಕ್ಕಳು ನಗುತ್ತಾರೆ. ಬಸ್ಸು ಇರಲಿಲ್ಲವೇ ಅಜ್ಜಿ, ಎಂದು ಕೇಳುತ್ತಾರೆ. ಇತ್ತು, ತನಗೆ ಮನಸ್ಸು ಬಂದ ದಿನ ಬರುತ್ತಿತ್ತು. ಅದನ್ನು ನಂಬಿ ಕೂತಿದ್ದರೆ ನಾನು ಸಾಯುವವರೆಗೂ ಕುರಿಯ ಬಾಲ ನೋಡುತ್ತಲೇ ಇರುತ್ತಿದ್ದೆ.

ನಿಜಾಮನ ಮೇಲೆ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ವರ್ಷದ ಚಳಿಗಾಲ ಅದು. ನಿಜಾಮನ ಕಾಲದಲ್ಲಿ ಉರ್ದು ಬಿಟ್ಟು ಬೇರೆ ಕಲಿಸದ ಊರುಗಳಲ್ಲಿ ಕನ್ನಡ ಶಾಲೆ ತೆರೆಯುತ್ತಿದ್ದರು. ಹುಡುಗಿಯರಿಗೆ ಕಲಿಸಲು ಹೆಂಗಸರು ಬೇಕಾಗಿದ್ದರು. ಭಾಲ್ಕಿಯ ಸೋದರಮಾವನ ಮನೆಯಲ್ಲಿ ನಾನು ಮೂರು ವರ್ಷ ಇದ್ದಾಗ, ಮಠದ ಜಗಲಿಯಲ್ಲಿ ಕೂತು ವಚನ ಓದಿ ಬರೆಯುವಷ್ಟು ಕಲಿತಿದ್ದೆ. ಮಾವ ನನ್ನ ಹೆಸರಿನಲ್ಲಿ ಅರ್ಜಿ ಹಾಕಿಸಿದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೀದರಿನ ಕಚೇರಿಗೆ ಹಾಜರಾಗಬೇಕು ಎಂಬ ಕಾಗದ ನಮ್ಮ ಕೈ ಸೇರಿದ್ದು ಶನಿವಾರ ಸಂಜೆ.

"ಕುರಿ ಈಯಲಿಕ್ಕ ಹತ್ಯಾವ. ನಾ ಬರಲಿಕ್ಕ ಆಗಲ್ಲ. ಒಬ್ಬಾಕಿ ಹ್ಯಾಂಗ ಹೋಗ್ತಿ?" ಎಂದ ಅಪ್ಪ.

"ನಡಕೊಂಡು ಹೋಗ್ತೇನಿ."

"ಹೋಗು. ವ್ಯಾಳ್ಯಾಕ ಮುಟ್ಟಲಿಲ್ಲ ಅಂದ್ರ ಮತ್ತ ಸಾಲಿ ಗೀಲಿ ಅಂತ ನನ್ನ ಮುಂದ ಮಾತು ತೆಗೀಬ್ಯಾಡ."

ಅಪ್ಪ ಒಂದು ಮಾತು ಹೇಳಿದರೆ ಮುಗಿಯಿತು. ಭಾನುವಾರ ಬೆಳಕು ಹರಿಯುವ ಮೊದಲೇ ರೊಟ್ಟಿ ಕಟ್ಟಿಕೊಂಡು, ಕಾಗದವನ್ನು ಸೆರಗಿಗೆ ಗಂಟು ಹಾಕಿ, ನನ್ನ ಕೋಲು ಹಿಡಿದು ಹೊರಟೆ.

ಆ ಕೋಲಿನ ವಿಷಯ ಹೇಳಬೇಕು. ನಮ್ಮ ಮಂದೆಗೆ ಇಬ್ಬರು ಬೇಕು. ಮುಂದೆ ನಡೆಯುವವರದು ಮುಂದಿನ ಕೋಲು, ಅದರ ತುದಿಗೆ ಕಬ್ಬಿಣದ ಕೊಕ್ಕೆ. ದಾರಿ ಗೊತ್ತುಮಾಡುವವರು ಅವರು. ಹಿಂದೆ ಬರುವವರದು ಹಿಂದಿನ ಕೋಲು, ಕೊಕ್ಕೆ ಇಲ್ಲದ್ದು. ಕುಂಟುವ ಮರಿ ಎತ್ತಿಕೊಂಡು, ಉಳಿದ ಕುರಿ ಅಟ್ಟಿಕೊಂಡು ಬರುವುದು ಅವರ ಕೆಲಸ. ಮುಂದಿನ ಕೋಲು ಯಾವತ್ತೂ ಗಂಡಸಿನ ಕೈಯಲ್ಲೇ. ಭಾಲ್ಕಿಯ ಮೂರು ವರ್ಷ ಬಿಟ್ಟರೆ, ಎಂಟನೇ ವಯಸ್ಸಿನಿಂದ ನಾನು ಹಿಂದಿನ ಕೋಲಿನವಳು.

ಜೋಳದ ಹೊಲಗಳ ನಡುವೆ ದಾರಿ ಎರಡಾಗಿ ಒಡೆದ ಕಡೆ ನಿಂತೆ. ನಿಂತೇ ಇದ್ದೆ. ಹಕ್ಕಿ ಓಡಿಸಲು ಅಟ್ಟದ ಮೇಲೆ ಕೂತಿದ್ದ ಹೆಂಗಸೊಬ್ಬಳು ಕೂಗಿದಳು: "ಯಾರ ಸಲುವಾಗಿ ನಿಂತಿ ತಂಗಿ?"

"ಯಾರಿಲ್ಲರಿ."

"ಅವಾಗಿಂದ ನೋಡ್ಲಿಕತ್ತೀನಿ. ಹಿಂದ ತಿರುಗಿ ತಿರುಗಿ ನೋಡ್ತಿ, ಹಿಂದ ಯಾರೂ ಇಲ್ಲ. ಮುಂದ ಯಾರೂ ಇಲ್ಲ."

ನನಗೆ ಮೈ ಉರಿಯಿತು, ಆಮೇಲೆ ನಗು ಬಂತು. ಮಂದೆ ಯಾವ ಕಡೆ ತಿರುಗುತ್ತದೋ ಎಂದು ನಾನು ಕಾಯುತ್ತಿದ್ದೆ! ಬೆಳಗಿನಿಂದ ಕುರಿಯ ಹೆಜ್ಜೆಯನ್ನೇ ಹಾಕಿದ್ದೆ. ನೀರು ಕಂಡಲ್ಲೆಲ್ಲ ನಿಂತಿದ್ದೆ, ಬೇಲಿ ಕಂಡರೆ ಬಳಸಿದ್ದೆ. ಹೊತ್ತು ನೆತ್ತಿಗೆ ಬಂದಿತ್ತು. ಕಾಲು ಭಾಗ ದಾರಿಯೂ ಸಾಗಿರಲಿಲ್ಲ.

"ಬೀದರಿಗಿ ಯಾವ ದಾರಿರಿ?"

"ಎರಡೂ ಮಾಂಜ್ರಾ ಹೊಳಿಗೇ ಹೋಗ್ತಾವ. ಒಂದಕ್ಕ ಗಿಡದ ನೆಳ್ಳು ಅದ, ಒಂದು ಜಲ್ದಿ ಮುಟ್ಟತದ. ನಿನಗ ಯಾವುದು ಬೇಕೋ ನೀನೇ ನೋಡು."

ಜಲ್ದಿ ಮುಟ್ಟುವುದನ್ನು ಹಿಡಿದೆ. ನನ್ನ ಬದುಕಿನಲ್ಲಿ ನಾನೇ ಆರಿಸಿದ ಮೊದಲ ದಾರಿ ಅದು. ಅಲ್ಲಿಂದ ಬಿರುಸಾಗಿ ನಡೆದೆ, ಹಿಂದೆ ನೋಡದೆ ನಡೆಯುವುದನ್ನು ಕಲಿಯುತ್ತ ನಡೆದೆ.

ಮಾತಾಡಲು ಯಾರೂ ಇಲ್ಲದಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ. ಹಿಂದಿನ ವರ್ಷ ನಿಜಾಮನ ಕಡೆಯ ರಜಾಕಾರರ ಹೆದರಿಕೆಗೆ ನಾವು ಈ ದಾರಿಗೆ ಕಾಲಿಟ್ಟಿರಲಿಲ್ಲ, ಹೊಲಗಳಲ್ಲೇ ಅಡಗಿದ್ದೆವು. ಸೈನ್ಯ ಬಂದ ಮೇಲೆ ನಮ್ಮ ಹೆದರಿಕೆ ಹೋಯಿತು, ಆದರೆ ಅದು ಇನ್ನೊಬ್ಬರ ಮನೆ ಹೊಕ್ಕಿತು. ನಮ್ಮ ಓಣಿಯಲ್ಲಿ ಮುಸಲ್ಮಾನ ಹೆಂಗಸೊಬ್ಬಳು ನಮ್ಮ ಉಣ್ಣೆ ಹಿಂಜಿ ಕೊಡುತ್ತಿದ್ದಳು. ನಾನು ಹೋದಾಗಲೆಲ್ಲ ನನ್ನ ಕೈಗೆ ಬೆಲ್ಲ ಇಡುತ್ತಿದ್ದಳು. ಅವಳು ಊರು ಬಿಟ್ಟು ಮನೆಗೆ ಬೀಗ ಬಿದ್ದ ದಿನ ಓಣಿಯವರು ಯಾರೂ ಆ ಬಾಗಿಲ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಅಂದೂ ಮಂದೆ ತಿರುಗಿದ ಕಡೆಗೇ ತಿರುಗಿದ್ದೆ ಎಂಬುದು ಆ ಬಿಸಿಲಲ್ಲಿ ತಿಳಿದು ನಾಚಿಕೆಯಾಯಿತು. ಶಾಲೆ ಸಿಕ್ಕರೆ ಯಾರ ಮಗು ಬಂದರೂ ಒಳಗೆ ಕರೆಯುತ್ತೇನೆ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಕೇಳಲು ಜೋಳದ ತೆನೆಗಳು ಮಾತ್ರ ಇದ್ದವು.

ಹೊತ್ತು ಮುಳುಗುವಾಗ ಮಾಂಜ್ರಾ ಬಂತು. ಸೊಂಟದವರೆಗೆ ನೀರು. ಕಾಗದವನ್ನು ತಲೆಯ ಮೇಲಿಟ್ಟು ಕಟ್ಟಿಕೊಂಡು, ಕೋಲಿನಿಂದ ತಳ ನೋಡುತ್ತ ದಾಟಿದೆ. ಆಚೆ ದಡದಲ್ಲಿ ಸೋದರತ್ತೆಯ ಊರಿತ್ತು, ಉಂಡು ಮಲಗಿದೆ. ನಸುಕಿನಲ್ಲಿ ಎದ್ದು ಮತ್ತೆ ನಡೆದೆ. ನೌಬಾದ ದಾಟಿದಾಗ ಬಿಸಿಲೇರಿತ್ತು. ಅಲ್ಲಿಂದ ಓಡಿದೆ ಎಂದೇ ಹೇಳಬೇಕು.

ಹತ್ತಕ್ಕೆ ಸ್ವಲ್ಪ ಮೊದಲೇ ಕಚೇರಿಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಕರೆದ ಸಾಹೇಬರು ಕೇಳಿದರು: "ನಿಮ್ಮ ಜೋಡಿ ಯಾರ ಬಂದಾರ?"

"ಯಾರೂ ಇಲ್ಲರಿ. ಔರಾದಿಂದ ಒಬ್ಬಾಕಿನೇ ನಡಕೊಂಡು ಬಂದೀನ್ರಿ."

ಅವರು ಮೊಣಕಾಲವರೆಗೆ ಧೂಳು ಮೆತ್ತಿದ್ದ ನನ್ನ ಕಾಲನ್ನೇ ನೋಡುತ್ತ ಕೂತರು. ನನಗೆ ತಡೆಯಲಾಗಲಿಲ್ಲ. "ಕಾಲು ಯಾಕ ನೋಡ್ತೀರ್ರಿ? ಅಕ್ಷರ ನೋಡ್ರಿ," ಎಂದೆ.

ಸಾಹೇಬರು ನಕ್ಕುಬಿಟ್ಟರು. ಓದಿಸಿದರು, ಬರೆಸಿದರು, ಮಗ್ಗಿ ಹೇಳಿಸಿದರು. ಸಂಜೆಯ ಹೊತ್ತಿಗೆ ಮನ್ನಳ್ಳಿಯ ಶಾಲೆಗೆ ನನ್ನನ್ನು ನೇಮಿಸಿದ ಕಾಗದ ಕೈಯಲ್ಲಿತ್ತು.

ಬಂದ ದಾರಿಯಲ್ಲೇ ತಿರುಗಿ ಹೊರಟೆ. ಕಾಲು ನೋಯುತ್ತಿತ್ತು, ಆದರೂ ಹಾಡಿಕೊಂಡೇ ನಡೆದೆ. ಮರುದಿನ ಆ ಎರಡು ದಾರಿ ಕೂಡುವ ಕಡೆ ಬಂದರೆ, ನಮ್ಮ ಮಂದೆ ನಿಂತಿದೆ! ಈದ ಕುರಿಗಳನ್ನು ಅವ್ವನಿಗೆ ಬಿಟ್ಟು ಅಪ್ಪ ಅಷ್ಟು ದೂರ ಒಬ್ಬನೇ ಬಂದಿದ್ದ.

"ಇಲ್ಲಿ ಹುಲ್ಲು ಛಲೋ ಅದ," ಎಂದ. ಸುತ್ತ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಕಾಗದ ಬಿಚ್ಚಿ ತೋರಿಸಿದೆ. ಓದಲು ಬಾರದ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕೋಲು ಇಸಿದುಕೊಂಡು, ಕೊಕ್ಕೆ ಇರುವ ತನ್ನ ಕೋಲನ್ನು ನನ್ನ ಕೈಗೆ ಕೊಟ್ಟ.

"ಮುಂದ ನಡಿ. ದಾರಿ ನಿನಗ ಗೊತ್ತದ."

ನಡೆದೆ. ಮಂದೆ ನನ್ನ ಹಿಂದೆ ಬಂತು. ಊರು ಮುಟ್ಟುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ, ಹಿಂದಿನ ಕೋಲು ಅಪ್ಪನ ಕೈಯಲ್ಲಿತ್ತು.